ಗುಂಡಿಯೊಳಗಿನ ದೀಪ ಏನು ಹೇಳುತ್ತದೆ?

ಮಕ್ಕಳೇ, ನಿಮ್ಮೂರಿನ ಭಜನೆಯಲ್ಲಿ ಪೇಟಿ ನುಡಿಸುವುದನ್ನು ನೋಡಿದ್ದೀರಲ್ಲವೆ? ಬಿಳಿ ಪಟ್ಟಿಯನ್ನು ಒತ್ತಿದಾಗ ಒಳಗೆ ಗಾಳಿಗೆ ದಾರಿ ತೆರೆಯುತ್ತದೆ. ಹಿತ್ತಾಳೆಯ ತೆಳು ನಾಲಗೆ ಕಂಪಿಸುತ್ತದೆ, ಸ್ವರ ಹೊರಡುತ್ತದೆ. ಬೆರಳು ಒತ್ತಿದ ಪೆಟ್ಟಿಗೆಯಲ್ಲೇ ಸ್ವರ ಹುಟ್ಟುತ್ತದೆ.

ಎಲ್ಲ ವಾದ್ಯಗಳೂ ಹೀಗಿಲ್ಲ. 1979ರಲ್ಲಿ ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅದರಲ್ಲಿ ಶ್ರುತಿ ಹುಟ್ಟುವುದು ವಿದ್ಯುತ್ ಮಂಡಲದಿಂದ.

ಇಂದು ಆಸಕ್ತರು ತಾವೇ ಜೋಡಿಸಿಕೊಳ್ಳುವ ‘ಸಂಗೀತ ನಿಯಂತ್ರಕ’ ಎಂಬ ಪೆಟ್ಟಿಗೆಯಿದೆ. ಅದರ ಮೇಲೆ ಸಾಲಾಗಿ ಬೆಳಗುವ ಗುಂಡಿಗಳು. ಈ ಗುಂಡಿಯಿಂದ ಸ್ವರ ಬರುವುದಿಲ್ಲ. ‘ನನ್ನನ್ನು ಒತ್ತಿದರು’ ಎಂಬ ಸುದ್ದಿಯನ್ನಷ್ಟೇ ಅದು ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್‌ಗೆ ಮುಟ್ಟಿಸುತ್ತದೆ. ಚಿಪ್ ಆ ಸುದ್ದಿಯನ್ನು ಸಂಖ್ಯೆಯಾಗಿ ಮಾಡಿ ಕಂಪ್ಯೂಟರಿಗೆ ಕಳಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆಯಿದೆ. 60 ಎಂದರೆ ಪಿಯಾನೊದ ನಡುವಿನ ‘ಸಿ’ ಸ್ವರ. ಸದ್ದು ಬರುವುದು ಕೊನೆಗೆ, ಸ್ಪೀಕರಿನಿಂದ.

ಹಾಗಾದರೆ ಸುದ್ದಿ ಮುಟ್ಟಿತೋ ಇಲ್ಲವೋ ನಮಗೆ ತಿಳಿಯುವುದು ಹೇಗೆ? ಅದಕ್ಕಾಗಿಯೇ ಗುಂಡಿಯೊಳಗೆ ಒಂದು ಎಲ್‌ಇಡಿ ದೀಪ.

ಗುಂಡಿಯ ಒಳಗೆ

ಬೆಳಕು ಹಾಯುವ ಪ್ಲಾಸ್ಟಿಕ್ ಟೊಪ್ಪಿಗೆ, ಅದರ ಕೆಳಗೆ ಸ್ಪ್ರಿಂಗ್, ಒಂದು ಸ್ವಿಚ್, ಒಂದು ಎಲ್‌ಇಡಿ. ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಲೋಹದ ಕಡ್ಡಿಗಳು. ಎರಡು ಸ್ವಿಚ್ಚಿಗೆ, ಎರಡು ದೀಪಕ್ಕೆ. ಅಂದರೆ ಸ್ವಿಚ್ ಬೇರೆ, ದೀಪ ಬೇರೆ. ಅವು ಒಂದೇ ಮನೆಯಲ್ಲಿರುವ ಇಬ್ಬರು ಬಾಡಿಗೆದಾರರು!

ಇದನ್ನು ಮರೆತು ನಾನೊಮ್ಮೆ ತಪ್ಪು ಮಾಡಿದೆ. ಅಥಣಿ ತಾಲ್ಲೂಕಿನ ಒಂದು ವಿಜ್ಞಾನ ಪ್ರದರ್ಶನಕ್ಕೆ ಏಳು ಗುಂಡಿಗಳ ಪೆಟ್ಟಿಗೆ ಮಾಡಿದ್ದೆ. ಸುಲಭವೆಂದು ಪ್ರತಿ ದೀಪವನ್ನೂ ಅದರ ಸ್ವಿಚ್ಚಿಗೇ ನೇರವಾಗಿ ಜೋಡಿಸಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಪ’ ಗುಂಡಿ ಒತ್ತಿದಳು. ದೀಪ ಹೊತ್ತಿತು, ಸ್ವರ ಬರಲಿಲ್ಲ. “ಸರಿಯಾಗಿ ಒತ್ತು” ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. “ಒತ್ತೀನ್ರಿ ಸರ್, ದೀಪಾ ಹತ್ತೇತಲ್ರಿ” ಎಂದು ಅವಳು ಅಳುಮೋರೆ ಮಾಡಿದಳು. ಬಿಚ್ಚಿ ನೋಡಿದರೆ ಚಿಪ್‌ಗೆ ಹೋಗುವ ತಂತಿಯ ಬೆಸುಗೆ ಬಿಟ್ಟಿತ್ತು. ತಪ್ಪು ನನ್ನದು, ಮಾತು ಕೇಳಿದವಳು ಅವಳು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: 1.5 ವೋಲ್ಟ್‌ನ ಎರಡು ಶುಷ್ಕಕೋಶ, ಒಂದು ಒತ್ತುಗುಂಡಿ, ಕೆಂಪು ಎಲ್‌ಇಡಿ, 100 ಓಮ್ ರೋಧಕ, 3 ವೋಲ್ಟ್‌ಗೆ ಸದ್ದು ಮಾಡುವ ಸಣ್ಣ ಬಝರ್, ತಂತಿ.

ಕೋಶಗಳನ್ನು ಒಂದರ ಹಿಂದೆ ಒಂದು ಇಟ್ಟು, ಧನ ತುದಿಯಿಂದ ಗುಂಡಿಗೆ ತಂತಿ ಜೋಡಿಸಿ. ಗುಂಡಿಯ ಆಚೆ ಎರಡು ಕವಲು ಮಾಡಿ. ಒಂದರಲ್ಲಿ ರೋಧಕ ಮತ್ತು ಎಲ್‌ಇಡಿ, ಇನ್ನೊಂದರಲ್ಲಿ ಬಝರ್. ಎರಡೂ ಕವಲುಗಳು ಋಣ ತುದಿಗೆ ಮರಳಲಿ. ಎಲ್‌ಇಡಿಯ ಉದ್ದ ಕಾಲು ಧನದ ಕಡೆಗಿರಲಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು; ಉಳಿದ 1 ವೋಲ್ಟ್ ರೋಧಕದ ಪಾಲು. ಮನೆಯ ಕರೆಂಟನ್ನು ಮಾತ್ರ ಎಂದೂ ಬಳಸಬೇಡಿ.

ಗುಂಡಿ ಒತ್ತಿ. ದೀಪವೂ ಇದೆ, ಸದ್ದೂ ಇದೆ. ಈಗ ಬಝರಿನ ಒಂದು ತಂತಿ ಬಿಡಿಸಿ ಮತ್ತೆ ಒತ್ತಿ. ಸದ್ದಿಲ್ಲ, ಆದರೂ ದೀಪ ಉರಿಯುತ್ತದೆ! ‘ಬೆರಳು ಒತ್ತಿತು’ ಎಂದಷ್ಟೇ ಅದಕ್ಕೆ ಗೊತ್ತು.

ಆಮೇಲೆ ನಾನು ದೀಪದ ತಂತಿಗಳನ್ನು ಚಿಪ್‌ಗೆ ಜೋಡಿಸಿದೆ. ಈಗ ಸುದ್ದಿ ಮುಟ್ಟಿದ ಮೇಲೆಯೇ ಚಿಪ್ ದೀಪ ಹೊತ್ತಿಸುತ್ತದೆ. ಬೆಸುಗೆ ಬಿಟ್ಟರೆ ದೀಪವೂ ಇಲ್ಲ, ಯಾವ ಮಗುವಿಗೂ ಬೈಗುಳವಿಲ್ಲ. ಸ್ಪೀಕರ್ ಕೆಟ್ಟರೆ? ಅದು ಚಿಪ್‌ಗೆ ತಿಳಿಯದು, ದೀಪವೂ ಹೇಳದು.

ನಿಮ್ಮ ಶಾಲೆಗೇ ಬರುವ ಗುಂಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಎಷ್ಟೋ ಶಾಲೆಗಳು ಚುನಾವಣೆಯ ದಿನ ಮತಗಟ್ಟೆಗಳಾಗುತ್ತವೆ. ಅಲ್ಲಿಗೆ ಬರುವ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಮತದಾರರು ನೀಲಿ ಗುಂಡಿ ಒತ್ತಿದಾಗ ಪಕ್ಕದ ಕೆಂಪು ದೀಪ ಉರಿಯುತ್ತದೆ, ಬೀಪ್ ಸದ್ದಾಗುತ್ತದೆ. ಆದರೆ ಅಧಿಕಾರಿ ತಮ್ಮ ಬಳಿಯ ‘ಬ್ಯಾಲೆಟ್’ ಗುಂಡಿಯನ್ನು ಒತ್ತದಿದ್ದರೆ, ಮತದಾರರು ಎಷ್ಟು ಒತ್ತಿದರೂ ಆ ದೀಪ ಉರಿಯದು. ಅದು ಬೆರಳಿಗೆ ಉರಿಯುವ ದೀಪವಲ್ಲ, ಯಂತ್ರ ಒಪ್ಪಿದ ಮೇಲೆ ಉರಿಯುವ ದೀಪ. ಅದೂ ಸಾಲದೆಂದು ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ 7 ಸೆಕೆಂಡು ಚೀಟಿಯೊಂದು ಕಾಣಿಸುತ್ತದೆ.

ಇನ್ನು ಮುಂದೆ ಯಾವುದೇ ಗುಂಡಿಯ ದೀಪ ಉರಿದರೆ ಕೇಳಿಕೊಳ್ಳಿ: ಇದನ್ನು ಹೊತ್ತಿಸಿದವರು ಯಾರು? ಅವರಿಗೆ ಗೊತ್ತಿರುವಷ್ಟನ್ನೇ ದೀಪ ಹೇಳುತ್ತದೆ.