ಬಾವಿ ತೋಡುವ ಗ್ಲೈಡರು

"ಎಂಜಿನ್ನೇ ಇಲ್ಲದ ಗ್ಲೈಡರು ಸ್ಟಾಲ್ ಆಗುವುದೆಂದರೇನು, ಸಾರ್?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಪದಗಳ ಅರ್ಥ ಹೇಳುವುದೇ ನನ್ನ ವೃತ್ತಿ. ಆದರೂ ಅಂದು ಉತ್ತರ ತೋಚಲಿಲ್ಲ. ಮೋಟಾರು ನಿಂತುಹೋಗುವುದಕ್ಕೂ ಆ ಮಾತೇ ಬಳಕೆಯಲ್ಲಿರುವುದರಿಂದ ನಾನೂ ಮೋಸಹೋಗಿದ್ದೆ. ಅನಂತರ ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಇಲ್ಲಿ ಸೋಲುವುದು ಯಂತ್ರವಲ್ಲ, ರೆಕ್ಕೆ. ರೆಕ್ಕೆಯನ್ನು ಗಾಳಿಗೆ ತುಸು ಓರೆಯಾಗಿ ಒಡ್ಡಿದರೆ ಎತ್ತುವ ಬಲ ಹುಟ್ಟುತ್ತದೆ. ಓರೆ ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮೇರೆಯುಂಟು. ಸುಮಾರು 15 ಡಿಗ್ರಿ ದಾಟಿತೆಂದರೆ ರೆಕ್ಕೆಯ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ, ಬಲ ಕುಸಿಯುತ್ತದೆ.

ಕೊಕ್ಕರೆಗಳ ಹಾರಾಟವನ್ನು ನೋಡುತ್ತ ಬೆಳೆದ ಜರ್ಮನಿಯ ಓಟ್ಟೊ ಲಿಲಿಯೆಂತಾಲ್ 1889ರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತು ಗ್ರಂಥ ಬರೆದವನು. ತಾನೇ ಸುಮಾರು ಎರಡು ಸಾವಿರ ಸಲ ತೇಲಿದವನು. 1896ರ ಆಗಸ್ಟ್ 9ರಂದು ಆತನ ಗ್ಲೈಡರು ಸ್ಟಾಲ್ ಆಗಿ, ಸುಮಾರು 15 ಮೀಟರ್ ಎತ್ತರದಿಂದ ಬಿದ್ದಿತು. ಮರುದಿನ ಬರ್ಲಿನ್ನಿನಲ್ಲಿ ಆತ ತೀರಿಕೊಂಡ.

ಅಮೆರಿಕದ ರೈಟ್ ಸೋದರರಿಗೆ 1902ರಲ್ಲಿ ಇನ್ನೊಂದು ವಿಪತ್ತು ಎದುರಾಯಿತು. ಗ್ಲೈಡರು ಒಂದು ಮಗ್ಗುಲಿಗೆ ಜಾರಿ, ತಗ್ಗಿದ ರೆಕ್ಕೆಯ ತುದಿಯ ಸುತ್ತ ತಿರುಗಿ ಮರಳನ್ನು ಕೊರೆಯುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು "ಬಾವಿ ತೋಡುವುದು"! ಕದಲದಂತಿದ್ದ ಬಾಲವನ್ನು ತಿರುಗುವಂತೆ ಮಾಡಿ ಅದನ್ನು ಹತೋಟಿಗೆ ತಂದರು.

ಇಂದಿನ ಉತ್ತಮ ಗ್ಲೈಡರುಗಳಲ್ಲಿ ಕೆಲವಕ್ಕೆ ರೆಕ್ಕೆಯ ಹರವು 25 ಮೀಟರಿಗೂ ಹೆಚ್ಚು. ಒಂದು ಕಿಲೋಮೀಟರ್ ಇಳಿಯುವುದರೊಳಗೆ 60 ಕಿಲೋಮೀಟರ್ ಸಾಗಬಲ್ಲವೂ ಉಂಟು. ಆದರೆ ಆ ನೀಳವಾದ ರೆಕ್ಕೆಗಳೇ ತಿರುವಿನಲ್ಲಿ ಎಚ್ಚರ ಬೇಡುತ್ತವೆ. ಒಳಗಣ ರೆಕ್ಕೆ ಸಣ್ಣ ವೃತ್ತದಲ್ಲಿ ನಿಧಾನವಾಗಿ ಚಲಿಸುವುದರಿಂದ ಮೊದಲು ಸೋಲುವುದು ಅದೇ. ಅದನ್ನು ಎತ್ತಲೆಂದು ನಿಯಂತ್ರಣದಂಡವನ್ನು ಪಕ್ಕಕ್ಕೆ ಒತ್ತಿದರೆ ಸೋಲು ಇನ್ನೂ ಬಲಿಯಬಹುದು. ಗ್ಲೈಡರು ಗಿರಕಿ ಹೊಡೆಯತೊಡಗುತ್ತದೆ. ಮೂಗು ನೆಲದತ್ತ ಬಾಗುತ್ತದೆ. ಆಗ ಮನುಷ್ಯಸ್ವಭಾವ ದಂಡವನ್ನು ಎದೆಗೆ ಎಳೆದುಕೊಳ್ಳುತ್ತದೆ. ಮಾಡಬಾರದ ಕೆಲಸವೇ ಅದು! ಸಾಮಾನ್ಯವಾಗಿ ತಿರುಗುವಿಕೆಗೆ ವಿರುದ್ಧವಾಗಿ ಚುಕ್ಕಾಣಿಯನ್ನೊತ್ತಿ, ದಂಡವನ್ನು ಮುಂದಕ್ಕೆ ಬಿಡಬೇಕು. ಗಿರಕಿ ನಿಂತ ಮೇಲೆ ಮೆಲ್ಲನೆ ಮೂಗೆತ್ತಬೇಕು. ಇದಕ್ಕೆಲ್ಲ ಎತ್ತರ ಬೇಕು. ನೆಲಕ್ಕಿಳಿಯುವ ಮುನ್ನ ಬರುವ ಕೊನೆಯ ತಿರುವಿನಲ್ಲಿ ಆ ಎತ್ತರವೇ ಇರುವುದಿಲ್ಲ.

ವೇಗವಿದ್ದರೆ ಸ್ಟಾಲ್ ಆಗದೆಂಬ ನಂಬಿಕೆಯೂ ಹುಸಿ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಸ್ಟಾಲ್ ಆಗುವ ವೇಗವೂ ಸುಮಾರು 1.4 ಪಟ್ಟಾಗುತ್ತದೆ. ಮೂಲಕಾರಣ ವೇಗವಲ್ಲ, ಓರೆ.

ಮರುವಾರ ಆ ಹುಡುಗನಿಗೆ ಇಷ್ಟನ್ನೂ ವಿವರಿಸಿದೆ. ಪದದ ಅರ್ಥ ತಪ್ಪಿದರೆ ನಮ್ಮ ತರಗತಿಯಲ್ಲಿ ಎರಡು ಅಂಕ ಹೋದೀತು. ಅಲ್ಲಿ, ಆ ಕೊನೆಯ ತಿರುವಿನಲ್ಲಿ, ತಿದ್ದಿ ಬರೆಯಲು ಸಮಯವಿಲ್ಲ.