ಮಾರುಹೋದವರು ಯಾರು? ಕನ್ನಡದ ಮೋಹವಾಚಕ ಪದಗಳು ಮತ್ತು ಚತುರ್ಥೀ ವಿಭಕ್ತಿ

ಕಪ್ಪುಕುಳಿಗಳ ವಿಷಯದಲ್ಲಿ ತಮಗಿರುವ ಸೆಳೆತವನ್ನು ಭೌತವಿಜ್ಞಾನಿಯೊಬ್ಬರು ಇಂಗ್ಲಿಷಿನಲ್ಲಿ 'ಫ್ಯಾಸಿನೇಟೆಡ್' ಎಂಬ ಒಂದೇ ಪದದಿಂದ ಹೇಳಿ ಮುಗಿಸಬಲ್ಲರು. ಆ ವಾಕ್ಯವನ್ನು ಕನ್ನಡಕ್ಕೆ ತರುವವರ ಮುಂದೆ ಕನಿಷ್ಠ ಮೂರು ದಾರಿಗಳಿರುತ್ತವೆ.

(1) ನಾನು ಕಪ್ಪುಕುಳಿಗಳಿಗೆ ಮಾರುಹೋಗಿದ್ದೇನೆ.
(2) ನನಗೆ ಕಪ್ಪುಕುಳಿಗಳ ಬಗ್ಗೆ ಅಪಾರ ಕುತೂಹಲವಿದೆ.
(3) ಕಪ್ಪುಕುಳಿಗಳು ನನ್ನನ್ನು ಆಕರ್ಷಿಸಿವೆ.

ಮೂರೂ ವ್ಯಾಕರಣಬದ್ಧವೇ, ಆದರೆ ಯಾವುದೂ ಮೂಲಕ್ಕೆ ಸಮನಲ್ಲ. (1)ರಲ್ಲಿ ವಿಜ್ಞಾನಿ ತಮ್ಮ ವಿವೇಚನೆಯನ್ನು ಸ್ವಲ್ಪಮಟ್ಟಿಗೆ ಬಿಟ್ಟುಕೊಟ್ಟಂತೆ ಕೇಳಿಸುತ್ತದೆ. (2)ರಲ್ಲಿ ಸೆಳೆತ ತೆಳುವಾಗಿ ಬರಿಯ ಜಿಜ್ಞಾಸೆ ಉಳಿಯುತ್ತದೆ. (3) ನಿರ್ದುಷ್ಟವಾಗಿದ್ದರೂ ನಿರ್ಜೀವ. ಈ ಭೇದವು ಪದಗಳ ಅರ್ಥಚ್ಛಾಯೆಯಿಂದಷ್ಟೇ ಬಂದುದಲ್ಲ, ಅನುಭವಿಗೆ ಯಾವ ವಿಭಕ್ತಿ, ಅನುಭವಕ್ಕೆ ಕಾರಣವಾದ ವಸ್ತುವಿಗೆ (ಇಲ್ಲಿ 'ಪ್ರಚೋದಕ' ಎನ್ನೋಣ) ಯಾವ ವಿಭಕ್ತಿ ಎಂಬ ಹಂಚಿಕೆಯಿಂದಲೂ ಬಂದುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ಚರ್ಚೆಯನ್ನು ಬರಹದ ಕನ್ನಡಕ್ಕೆ ಸೀಮಿತಗೊಳಿಸಿದ್ದೇವೆ.

ದಕ್ಷಿಣ ಏಷ್ಯಾದ ಭಾಷೆಗಳಲ್ಲಿ ಅನುಭವಿಯು ಚತುರ್ಥಿಯಲ್ಲಿ ಬರುವುದು ಬಹುಚರ್ಚಿತ ವಿಷಯ. ವರ್ಮಾ ಮತ್ತು ಮೋಹನನ್ ಅವರು 1990ರಲ್ಲಿ ಸಂಪಾದಿಸಿದ ಸಂಕಲನವು ಪೂರ್ತಿಯಾಗಿ ಇದಕ್ಕೇ ಮೀಸಲು. ಕನ್ನಡದ ಚತುರ್ಥೀ ಕರ್ತೃವನ್ನು ಕುರಿತು ಎಸ್. ಎನ್. ಶ್ರೀಧರ್ ಅವರು ಅದಕ್ಕೂ ಮೊದಲೇ ಬರೆದಿದ್ದರು. ರುಚಿಸು ಎಂಬರ್ಥದ ಧಾತುಗಳೊಡನೆ ಪ್ರೀತನಾಗುವವನು ಸಂಪ್ರದಾನ ಎಂದು ಪಾಣಿನಿಯೂ (1.4.33) ವಿಧಿಸಿದ್ದಾನೆ. 'ನನಗೆ ಇಷ್ಟ', 'ನನಗೆ ಹಸಿವು', 'ಅವನಿಗೆ ಸಂಗೀತದ ಹುಚ್ಚು', 'ಅವಳಿಗೆ ಒಡವೆಗಳ ಮೇಲೆ ಮೋಹ' ಎಂಬ ಪ್ರಯೋಗಗಳು ಈ ಚೌಕಟ್ಟಿನಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಮೋಹವಾಚಕಗಳಲ್ಲಿ ತೀರ ಸಹಜವಾದ, ಅಚ್ಚಗನ್ನಡದ ಪದಗಳು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತವೆ.

(4) ಅವನು ಅವಳ ದನಿಗೆ ಮನಸೋತನು.
(5) ಊರಿನವರು ಅವನ ಮಾತಿಗೆ ಮರುಳಾದರು.
(6) ಪ್ರವಾಸಿಗರು ಆ ಶಿಲ್ಪಕ್ಕೆ ಮಾರುಹೋದರು.

ಇಲ್ಲಿ ಅನುಭವಿಗೆ ಪ್ರಥಮೆ. ಕ್ರಿಯಾಪದವು ಅವನ ಲಿಂಗವಚನಗಳನ್ನೇ ಅನುಸರಿಸುತ್ತದೆ. ಚತುರ್ಥಿ ಸಂದಿರುವುದು ಪ್ರಚೋದಕಕ್ಕೆ. ಬೆಲ್ಲೆಟ್ಟಿ ಮತ್ತು ರಿಟ್ಸಿ ಅವರು 1988ರಲ್ಲಿ ಇಟಾಲಿಯನ್ನಿನ ಮನೋಭಾವ ಕ್ರಿಯಾಪದಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರಷ್ಟೆ. ಆ ಮೂರರಲ್ಲಿ ಯಾವುದಕ್ಕೂ (4)–(6) ನೇರವಾಗಿ ಸೇರುವುದಿಲ್ಲ: ಅಲ್ಲಿ ಚತುರ್ಥಿಯಿದ್ದರೆ ಅದು ಅನುಭವಿಯದೇ.

ಈ ಚತುರ್ಥಿ ಎಲ್ಲಿಂದ ಬಂತು? 'ಮಾರುಹೋಗು' ಎಂಬುದರಲ್ಲಿ ಉತ್ತರ ಕಣ್ಣಿಗೆ ಕಾಣುವಂತಿದೆ. ಇದರ ಪೂರ್ವಪದ ವಿಕ್ರಯಾರ್ಥದ 'ಮಾರು'. ಹಳಗನ್ನಡದಲ್ಲಿ ಶಕಟರೇಫದ 'ಮಾಱು'. ಕೊಂಡವನಿಗೆ ಚತುರ್ಥಿ ಬರುವುದು ನಿಯಮ: 'ನೆರೆಯವನಿಗೆ ಹೊಲ ಮಾರಿದನು'. ಮಾರುಹೋದವನು ತಾನೇ ಸರಕು, ಪ್ರಚೋದಕವೇ ಗಿರಾಕಿ. ಇಂದಿನ ಕನ್ನಡವು ಈ ಎರಡು ಅರ್ಥಗಳನ್ನು ರೂಪದಲ್ಲೂ ಬೇರ್ಪಡಿಸಿದೆ. 'ಪುಸ್ತಕಗಳೆಲ್ಲ ಮಾರಿಹೋದವು' ಎಂದರೆ ಬಿಕರಿಯಾದವು; 'ಮಾರುಹೋದವು' ಎಂದರೆ ಪುಸ್ತಕಗಳಿಗೂ ಮನಸ್ಸಿದೆ ಎಂದಾಗುತ್ತದೆ. 'ಮನಸೋಲು' ಎಂಬಲ್ಲಿ ಪ್ರಚೋದಕವು ಗೆದ್ದವನ ಸ್ಥಾನದಲ್ಲಿದೆ. ಇದು ಒಂದೇ ಪದವಾಗಿ ಬೆಸೆದುಕೊಂಡಿದೆ ಎಂಬುದಕ್ಕೆ ಎರಡು ಸಾಕ್ಷ್ಯಗಳುಂಟು. 'ಅವನ ಮನಸ್ಸು ಸೋತಿತು' ಎಂಬಲ್ಲಿ ಕ್ರಿಯಾಪದ ನಪುಂಸಕವಾದರೆ 'ಅವನು ಮನಸೋತನು' ಎಂಬಲ್ಲಿ ಪುಲ್ಲಿಂಗ; ಮತ್ತು ಒಳಗಿನ 'ಮನ'ಕ್ಕೆ ವಿಶೇಷಣ ಹತ್ತುವುದಿಲ್ಲ (*'ಅವನು ಕೋಮಲ ಮನಸೋತನು').

ಸುತ್ತ ನೋಡಿದರೆ ಇವು ಒಂಟಿ ಪದಗಳಲ್ಲ. ಒತ್ತಡಕ್ಕೆ ಮಣಿ, ಕಣ್ಣೀರಿಗೆ ಕರಗು, ಭಕ್ತಿಗೆ ಒಲಿ, ಹುಲಿಗೆ ಹೆದರು, ಲೋಕಾಪವಾದಕ್ಕೆ ಅಂಜು: ಇವೆಲ್ಲ ಒಂದೇ ಬಳಗ. ಭಯಹೇತುವಿಗೆ ಸಂಸ್ಕೃತದಲ್ಲಿ ಪಂಚಮಿ ಬರುವುದರಿಂದ (ಪಾಣಿನಿ 1.4.25) 'ಹುಲಿಗೆ ಹೆದರು' ಎಂಬುದನ್ನು ವಿಭಕ್ತಿಪಲ್ಲಟವೆಂದು ಬದಿಗೆ ಸರಿಸುವುದು ಸುಲಭ. ಆದರೆ ಬಳಗವನ್ನು ಒಟ್ಟಾಗಿ ಕಂಡಾಗ ಪಲ್ಲಟವೇನೂ ಕಾಣುವುದಿಲ್ಲ. ಎದುರಿನ ಶಕ್ತಿಗೆ ಬಾಗುವ ಕ್ರಿಯೆಗಳೊಡನೆ ಆ ಶಕ್ತಿಯನ್ನು ಚತುರ್ಥಿಯಿಂದ ಗುರುತಿಸುವ ಕನ್ನಡದ್ದೇ ಕ್ರಮ ಕಾಣುತ್ತದೆ. 'ಮೆಚ್ಚು' ಇದನ್ನು ಚೆನ್ನಾಗಿ ತೋರಿಸುತ್ತದೆ. 'ಗುರುಗಳು ಪ್ರಬಂಧವನ್ನು ಮೆಚ್ಚಿದರು' ಎಂದಾಗ ಗುರುಗಳು ತೂಗಿನೋಡಿ ತೀರ್ಪಿತ್ತವರು. 'ಶಿವನು ತಪಸ್ಸಿಗೆ ಮೆಚ್ಚಿದನು' ಎಂದಾಗ ಶಿವನು ತಪಸ್ಸಿಗೆ ವಶನಾದವನು, ವರ ಕೊಡದೆ ಗತ್ಯಂತರವಿಲ್ಲ.

'ಬೆರಗು' ಎರಡೂ ಚೌಕಟ್ಟುಗಳಲ್ಲಿ ಬರುತ್ತದೆ. ಆದುದರಿಂದ ನಮ್ಮ ವಾದಕ್ಕೆ ಇದೇ ಒರೆಗಲ್ಲು.

(7) ನಾನು ಆ ದೃಶ್ಯಕ್ಕೆ ಬೆರಗಾದೆ.
(8) ಆ ದೃಶ್ಯವನ್ನು ಕಂಡು ನನಗೆ ಬೆರಗಾಯಿತು.
(9) *ಆ ದೃಶ್ಯಕ್ಕೆ ನನಗೆ ಬೆರಗಾಯಿತು.

ಒಂದೇ ವಾಕ್ಯದಲ್ಲಿ ಎರಡು ಚತುರ್ಥಿಗಳು ಬರಬಾರದೆಂಬ ನಿಷೇಧವೇನೂ ಕನ್ನಡದಲ್ಲಿಲ್ಲ ('ಗೆಳೆಯನಿಗೆ ಮದುವೆಗೆ ಉಡುಗೊರೆ ಕೊಟ್ಟೆ'). ಹಾಗಿದ್ದೂ (9) ನಮ್ಮ ಕಿವಿಗೆ ಒಪ್ಪಿಗೆಯಾಗುವುದಿಲ್ಲ. ಅನುಭವಿಯು ಚತುರ್ಥಿಯಲ್ಲಿದ್ದಾಗ ಬೆರಗು ಅವನಿಗೆ ಬಂದು ಸೇರಿದ ವಸ್ತು. ಪ್ರಚೋದಕವು ಚತುರ್ಥಿಯಲ್ಲಿದ್ದಾಗ ಅನುಭವಿಯೇ ಹೋಗಿ ಅದಕ್ಕೆ ಸೇರಿದವನು. ಚಲನೆಯ ದಿಕ್ಕು ಎರಡೂ ಕಡೆಗೆ ಏಕಕಾಲದಲ್ಲಿ ಇರಲಾರದು. ಕಾಲಸೂಚಕಗಳೂ ಇದನ್ನೇ ಸೂಚಿಸುತ್ತವೆ: 'ಮೊದಲ ನೋಟಕ್ಕೇ ಮನಸೋತನು' ಸಹಜ, 'ಬಾಲ್ಯದಿಂದಲೂ ಅವನಿಗೆ ನಕ್ಷತ್ರಗಳ ಹುಚ್ಚಿತ್ತು' ಸಹಜ, 'ಬಾಲ್ಯದಿಂದಲೂ ನಕ್ಷತ್ರಗಳಿಗೆ ಮನಸೋತನು' ಎಂದರೆ ಮಾತ್ರ ಎಡವಿದಂತಾಗುತ್ತದೆ, 'ಮನಸೋತಿದ್ದನು' ಎಂದು ತಿದ್ದಬೇಕಾಗುತ್ತದೆ. ಒಂದು ಘಟನೆ, ಇನ್ನೊಂದು ಸ್ಥಿತಿ.

ಸಂಸ್ಕೃತಮೂಲದ ಪದಗಳು ಈ ವ್ಯವಸ್ಥೆಯೊಳಗೆ ಬಂದಾಗ ಏನಾಗುತ್ತದೆಂಬುದು ಕುತೂಹಲಕರ. 'ಮುಹ್' ಧಾತುವಿನಿಂದ ಮೋಹ, ಮುಗ್ಧ, ಮೂಢ ಮೂರೂ ಹುಟ್ಟಿವೆ. ಹಿಂದಿ, ಬಂಗಾಳಿಗಳಲ್ಲಿ 'ಮುಗ್ಧ' ಇಂದಿಗೂ ಮೋಹಿತನೇ. ಕನ್ನಡದಲ್ಲಿ ಅವನು ಏನೂ ಅರಿಯದ ಸಾಧು, ಹಳೆಯ ಅರ್ಥ 'ಮಂತ್ರಮುಗ್ಧ'ದಲ್ಲಿ ಮಾತ್ರ ಉಳಿದಿದೆ. ಇದಕ್ಕಿಂತ ಗಮನಾರ್ಹವಾದುದು 'ಮೋಹಿಸು'. ಸಂಸ್ಕೃತದ 'ಮೋಹಯತಿ' ಪ್ರೇರಣಾರ್ಥಕ. ಅದರ ಕರ್ತೃ ಮರುಳುಮಾಡುವವನು. ಕನ್ನಡದಲ್ಲಿ ಅದು ತಿರುವುಮುರುವಾಗಿದೆ.

(10) ಭಸ್ಮಾಸುರನು ಮೋಹಿನಿಯನ್ನು ಮೋಹಿಸಿದನು.
(11) ಮೋಹಿನಿಯು ಭಸ್ಮಾಸುರನನ್ನು ಮೋಹಗೊಳಿಸಿದಳು.

ಕಥೆ ಒಂದೇ, ಘಟನೆ ಒಂದೇ. (10)ರಲ್ಲಿ ಕರ್ತೃಪದವು ಮೋಹಕ್ಕೊಳಗಾದವನದು. 'ಮೋಹಿಸು' ತನ್ನ ಸಂಸ್ಕೃತ ಪರಿವಾರವನ್ನು ಬಿಟ್ಟು ಪ್ರೀತಿಸು, ದ್ವೇಷಿಸು, ಬಯಸುಗಳ ಸಾಲಿಗೆ ಸೇರಿತು. ಖಾಲಿಯಾದ ಸ್ಥಾನವನ್ನು ತುಂಬಲು ಕನ್ನಡವು '-ಗೊಳಿಸು' ಹಚ್ಚಿ ಹೊಸ ಪ್ರೇರಣಾರ್ಥಕವನ್ನು ಕಟ್ಟಿಕೊಂಡಿತು. 'ಆಕರ್ಷಿತ'ದ ದಾರಿಯೂ ಹೆಚ್ಚುಕಡಿಮೆ ಇಂಥದೇ. 'ವಿಚಾರಗಳಿಂದ ಆಕರ್ಷಿತರಾದರು' ಎಂಬುದರ ಪಕ್ಕದಲ್ಲೇ 'ವಿಚಾರಗಳಿಗೆ ಆಕರ್ಷಿತರಾದರು' ಎಂಬುದೂ ಬರಹದಲ್ಲಿ ಕಾಣಸಿಗುತ್ತದೆ. ಎರಡನೆಯದನ್ನು ತಪ್ಪೆಂದು ತಿದ್ದುವವರಿದ್ದಾರೆ. ಅದು ಮಾರುಹೋಗು, ಮನಸೋಲುಗಳ ಸಾದೃಶ್ಯದಿಂದ ಬಂದುದೆಂದೂ ತಪ್ಪೆನ್ನಲು ಆಧಾರವಿಲ್ಲವೆಂದೂ ನಮ್ಮ ಅಭಿಪ್ರಾಯ.

ಪ್ರಥಮೆಯಲ್ಲಿರುವ ಅನುಭವಿಗೆ ಜವಾಬ್ದಾರಿಯೂ ಅಂಟಿಕೊಳ್ಳುತ್ತದೆ. 'ಜಾಹೀರಾತುಗಳಿಗೆ ಮಾರುಹೋಗಬೇಡಿ', 'ಅದಕ್ಕೆಲ್ಲ ಮರುಳಾಗಬೇಡ' ಎಂದು ನಿಷೇಧಿಸಬಹುದು. ಆದರೆ 'ಈ ಹಾಡಿಗೆ ಮಾರುಹೋಗು' ಎಂದು ಯಾರೂ ಆಜ್ಞಾಪಿಸುವುದಿಲ್ಲ. ಬಾಗುವುದು ಇಚ್ಛೆಯಿಂದ ಆಗುವುದಲ್ಲ, ಬಾಗದೆ ನಿಲ್ಲುವುದು ಸಾಧ್ಯವಿತ್ತು ಎಂಬ ವಿಚಿತ್ರ ನಿಲುವನ್ನು ಈ ಪದಗಳು ತಳೆದಿವೆ. 'ಮರುಳು' ಹಳಗನ್ನಡದಲ್ಲಿ ಹುಚ್ಚೂ ಹೌದು, ಪಿಶಾಚಿಯೂ ಹೌದು. ಹೊರಗಿನಿಂದ ಮೆಟ್ಟಿಕೊಂಡದ್ದನ್ನು ಹೇಳುತ್ತಿದ್ದ ಪದವೇ ಈಗ ಮೆಟ್ಟಿಸಿಕೊಂಡವನ ದಡ್ಡತನವನ್ನು ಹೇಳುತ್ತಿದೆ. 'ಜನ ಮರುಳೋ ಜಾತ್ರೆ ಮರುಳೋ' ಎಂಬ ಗಾದೆ ಮಾತ್ರ ಇದರಲ್ಲಿ ತಪ್ಪು ಯಾರದೆಂಬ ಪ್ರಶ್ನೆಯನ್ನು ತೆರೆದೇ ಇಟ್ಟಿದೆ.

ಇದು ನಿಘಂಟಿನ ಸೂಕ್ಷ್ಮವಷ್ಟೇ ಅಲ್ಲ. ವಂಚನೆಯ ಪ್ರಕರಣಗಳನ್ನು ಪತ್ರಿಕೆಗಳು ವರದಿಮಾಡುವ ಸಿದ್ಧಮಾದರಿಯನ್ನು ನೋಡಬಹುದು.

(12) ವಂಚಕರ ಮಾತಿಗೆ ಮರುಳಾಗಿ ವೃದ್ಧರೊಬ್ಬರು ಹಣ ಕಳೆದುಕೊಂಡರು.
(13) ವಂಚಕರು ವೃದ್ಧರೊಬ್ಬರನ್ನು ಮರುಳುಮಾಡಿ ಹಣ ಕಿತ್ತರು.

(12)ರಲ್ಲಿ ವಂಚಕರು ಷಷ್ಠಿಯೊಳಗೆ ಅಡಗಿದ್ದಾರೆ. ಆ ಷಷ್ಠಿ ಚತುರ್ಥಿಯ ಪದವೊಂದಕ್ಕೆ ವಿಶೇಷಣ. ಮರುಳಾದದ್ದು, ಕಳೆದುಕೊಂಡದ್ದು ಎರಡಕ್ಕೂ ಕರ್ತೃ ಆ ವೃದ್ಧರೇ. 'ಕಳೆದುಕೊಳ್ಳು' ಎಂಬಲ್ಲಿನ ಆತ್ಮಾರ್ಥಕ 'ಕೊಳ್ಳು' ಆ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬರೆದವರಿಗೆ ಅಂಥ ಉದ್ದೇಶವಿರಬೇಕಾಗಿಲ್ಲ. ಆ ಪದಕ್ಕಿರುವ ಚೌಕಟ್ಟೇ ವಾಕ್ಯವನ್ನು ಅತ್ತ ಒಯ್ಯುತ್ತದೆ.

ಮರುಳಾಗು, ಮಾರುಹೋಗು, ಮೋಹಗೊಳ್ಳುಗಳನ್ನು ಪರ್ಯಾಯಪದಗಳಂತೆ ಒಂದರ ಅರ್ಥವಾಗಿ ಇನ್ನೊಂದನ್ನು ಕೊಟ್ಟು ಮುಗಿಸುವ ನಿಘಂಟು ಈ ಭೇದಗಳನ್ನು ಮುಚ್ಚಿಹಾಕುತ್ತದೆ. ಪ್ರತಿ ಉಲ್ಲೇಖದಲ್ಲೂ ಅನುಭವಿಯ ವಿಭಕ್ತಿ, ಪ್ರಚೋದಕದ ವಿಭಕ್ತಿ, ನಿಷೇಧರೂಪದ ಸಾಧ್ಯತೆ ಇವಿಷ್ಟನ್ನು ನಮೂದಿಸಿದರೂ ಅನುವಾದಕರಿಗೆ ಬಹಳಷ್ಟು ನೆರವಾದೀತು. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ಮಾಟಮಾಡು ಎಂಬುದೇ ಅರ್ಥವಾಗಿತ್ತು, ಇಂದಿನ ಬಳಕೆಯಲ್ಲಿ ಅದು ಸವೆದುಹೋಗಿದೆ; ಕನ್ನಡದ ಪದಗಳಲ್ಲಿ ಸೋಲೂ ಮಾರಾಟವೂ ಇನ್ನೂ ಸವೆದಿಲ್ಲ. ಆ ಭೌತವಿಜ್ಞಾನಿಯ ವಾಕ್ಯಕ್ಕೆ ನಾವಾದರೆ 'ಕಪ್ಪುಕುಳಿಗಳೆಂದರೆ ನನಗೆ ಮುಗಿಯದ ಬೆರಗು' ಎಂದು ಬರೆದೇವು.