ಕೇಳಿದರಷ್ಟೇ ಅಳಿಸುತ್ತಾರೆ: ಕ್ಯಾಲಿಫೋರ್ನಿಯಾದ ಖಾಸಗಿತನ ಕಾನೂನು

ಅಮೆರಿಕದ ಯಾವುದಾದರೂ ದೊಡ್ಡ ಮಳಿಗೆಯ ವೆಬ್‌ಸೈಟ್ ತೆರೆದು ಪುಟದ ತಳಕ್ಕೆ ಹೋಗಿ. ಹಕ್ಕುಸ್ವಾಮ್ಯದ ಸಾಲಿನ ಪಕ್ಕದಲ್ಲಿ, ಓದದೆ ಬಿಡಲಿ ಎಂಬಂಥ ಸಣ್ಣ ಅಕ್ಷರದಲ್ಲಿ, ‘ಡು ನಾಟ್ ಸೆಲ್ ಆರ್ ಶೇರ್ ಮೈ ಪರ್ಸನಲ್ ಇನ್ಫರ್ಮೇಶನ್’ ಎಂಬ ಲಿಂಕ್ ಇರುತ್ತದೆ. ಕಂಪನಿಗಳು ಇದನ್ನು ಪ್ರೀತಿಯಿಂದ ಹಾಕಿದ್ದಲ್ಲ, ಕ್ಯಾಲಿಫೋರ್ನಿಯಾದ ಕಾನೂನು ಹಾಕಿಸಿದ್ದು. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಸುತ್ತ ನೆಲೆಸಿರುವ ಕನ್ನಡಿಗರಿಗೂ ಅದು ಕೊಟ್ಟ ಹಕ್ಕುಗಳಿವೆ. ಆದರೆ ಈ ಹಕ್ಕುಗಳು ತಾವಾಗಿ ಕೆಲಸ ಮಾಡುವುದಿಲ್ಲ. ಕೇಳಬೇಕು, ಯಾರನ್ನು ಏನು ಕೇಳಬೇಕೆಂದು ತಿಳಿದು ಕೇಳಬೇಕು.

ಇಡೀ ಅಮೆರಿಕಕ್ಕೆ ಅನ್ವಯಿಸುವ ಸಮಗ್ರ ಖಾಸಗಿತನ ಕಾನೂನು ಇಲ್ಲ. ಆಸ್ಪತ್ರೆಗೊಂದು, ಬ್ಯಾಂಕಿಗೊಂದು, ಮಕ್ಕಳಿಗೊಂದು ಎಂದು ಬಿಡಿಬಿಡಿ ಕಾನೂನುಗಳಿವೆ. ಉಳಿದದ್ದನ್ನು ರಾಜ್ಯಗಳೇ ನೋಡಿಕೊಳ್ಳಬೇಕು. ಮೊದಲು ಎದ್ದದ್ದು ಕ್ಯಾಲಿಫೋರ್ನಿಯಾ, ಅದೂ ಶಾಸಕರ ಉತ್ಸಾಹದಿಂದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ರಿಯಲ್ ಎಸ್ಟೇಟ್ ಉದ್ಯಮಿ ಅಲಸ್ಟೇರ್ ಮ್ಯಾಕ್‌ಟ್ಯಾಗರ್ಟ್ ಆರು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ, ಈ ವಿಷಯವನ್ನು ಜನಮತಕ್ಕೆ ಹಾಕಲು ಹೊರಟರು. ಜನಮತದಲ್ಲಿ ಗೆದ್ದ ಕಾನೂನನ್ನು ಆಮೇಲೆ ತಿದ್ದುವುದು ಶಾಸಕಾಂಗಕ್ಕೆ ಕಷ್ಟ. ಆದ್ದರಿಂದ ಚೌಕಾಶಿ ನಡೆಯಿತು: ನೀವು ಅರ್ಜಿ ಹಿಂತೆಗೆದುಕೊಳ್ಳಿ, ನಾವು ಕಾನೂನು ಮಾಡುತ್ತೇವೆ. ಹಿಂತೆಗೆಯುವ ಗಡುವಿನ ದಿನವೇ, 2018ರ ಜೂನ್ 28ರಂದು, ಎರಡೂ ಸದನಗಳು ಮಸೂದೆ ಒಪ್ಪಿದವು, ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಸಿ.ಸಿ.ಪಿ.ಎ. ಎಂದು ಹೆಸರಾದ ಅದು 2020ರ ಜನವರಿಯಲ್ಲಿ ಜಾರಿಗೆ ಬಂತು. ಮ್ಯಾಕ್‌ಟ್ಯಾಗರ್ಟ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ‘ಪ್ರೊಪೊಸಿಷನ್ 24’ ಮೂಲಕ ಜನಮತಕ್ಕೆ ಹೋಗಿಯೇ ಬಿಟ್ಟರು, ಗೆದ್ದರು. ಆ ತಿದ್ದುಪಡಿ 2023ರಿಂದ ಜಾರಿಯಲ್ಲಿದೆ, ಕಾವಲಿಗೆ ಪ್ರತ್ಯೇಕ ಏಜೆನ್ಸಿಯೂ ಹುಟ್ಟಿದೆ.

ಈ ಹಕ್ಕು ಯಾರಿಗೆ? ಪೌರತ್ವ ಲೆಕ್ಕಕ್ಕಿಲ್ಲ, ವಾಸ ಮುಖ್ಯ. ಎಚ್-1ಬಿ ವೀಸಾದಲ್ಲಿ ಅಲ್ಲಿ ಮನೆಮಾಡಿರುವ ಎಂಜಿನಿಯರ್‌ಗೂ ಅಲ್ಲೇ ಹುಟ್ಟಿದವರಿಗೂ ಒಂದೇ ಹಕ್ಕು. ಎರಡು ತಿಂಗಳು ಮೈಸೂರಿಗೆ ಬಂದು ಹೋದರೂ ಅದು ತಪ್ಪುವುದಿಲ್ಲ. ಆದರೆ ಮಗಳ ಬಾಣಂತನಕ್ಕೆಂದು ಹೋಗಿ ನಾಲ್ಕು ತಿಂಗಳಿದ್ದು ಬರುವ ಅಮ್ಮ ಈ ಕಾನೂನಿನ ಲೆಕ್ಕದಲ್ಲಿ ನಿವಾಸಿಯಲ್ಲ. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬಂದಿಲ್ಲ: 2023ರಿಂದ ನೌಕರರಿಗೂ ಕೆಲಸಕ್ಕೆ ಅರ್ಜಿ ಹಾಕಿದವರಿಗೂ ಇದೇ ಹಕ್ಕುಗಳಿವೆ. ನಿಮ್ಮನ್ನು ಲೇಆಫ್ ಮಾಡಿದ ಕಂಪನಿ ನಿಮ್ಮ ಬಗ್ಗೆ ಏನೇನು ಇಟ್ಟುಕೊಂಡಿದೆ ಎಂದು ಕೇಳಬಹುದು.

ಎಲ್ಲ ಸಂಸ್ಥೆಗಳೂ ಇದರೊಳಗೆ ಬರುವುದಿಲ್ಲ. ವರ್ಷಕ್ಕೆ ಎರಡೂವರೆ ಕೋಟಿ ಡಾಲರಿಗೂ ಮೀರಿದ ಆದಾಯ (ಹಣದುಬ್ಬರಕ್ಕೆ ತಕ್ಕಂತೆ ಈ ಮಿತಿ ಏರುತ್ತದೆ), ಇಲ್ಲವೇ ಒಂದು ಲಕ್ಷ ಜನ ಅಥವಾ ಮನೆಗಳ ಮಾಹಿತಿಯ ಕೊಡು-ಕೊಳ್ಳುವಿಕೆ, ಇಲ್ಲವೇ ಆದಾಯದ ಅರ್ಧವಾದರೂ ಮಾಹಿತಿ ಮಾರಾಟದಿಂದಲೇ ಬರುವುದು. ಈ ಮೂರರಲ್ಲಿ ಒಂದು ಇದ್ದರೆ ಸಾಕು. ಹಾಗಾಗಿ ಬೀದಿ ಕೊನೆಯ ಇಂಡಿಯನ್ ಗ್ರೋಸರಿ ಸಾಮಾನ್ಯವಾಗಿ ಹೊರಗೆ. ಲಾಭರಹಿತ ಸಂಸ್ಥೆಗಳಾದ ಕನ್ನಡ ಕೂಟ, ದೇವಸ್ಥಾನಗಳೂ ಹೊರಗೆ. ಕೂಟದ ವಾಟ್ಸ್ಆ್ಯಪ್ ಪಟ್ಟಿಯಿಂದ ನಿಮ್ಮ ನಂಬರ್ ಹೊರಹೋದರೆ ಕಾರ್ಯದರ್ಶಿಯ ಹತ್ತಿರ ಜಗಳವಾಡಬೇಕೇ ಹೊರತು ಈ ಕಾನೂನು ನೆರವಿಗೆ ಬರುವುದಿಲ್ಲ.

ಹಕ್ಕುಗಳಲ್ಲಿ ಮೊದಲನೆಯದು ತಿಳಿಯುವುದು: ನನ್ನ ಬಗ್ಗೆ ಏನು ಸಂಗ್ರಹಿಸಿದ್ದೀರಿ, ಎಲ್ಲಿಂದ, ಯಾರಿಗೆ ಕೊಟ್ಟಿರಿ ಎಂದು ಹನ್ನೆರಡು ತಿಂಗಳಲ್ಲಿ ಎರಡು ಸಲ ಉಚಿತವಾಗಿ ಕೇಳಬಹುದು. ತಪ್ಪಿದ್ದರೆ ತಿದ್ದಿಸಬಹುದು. ಸೂಕ್ಷ್ಮ ಮಾಹಿತಿಯ ಬಳಕೆಗೆ ಮಿತಿ ಹಾಕಿಸಬಹುದು. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಧರ್ಮ, ಆರೋಗ್ಯ, ವಲಸೆ ಸ್ಥಿತಿ, ಬೆರಳಚ್ಚು ಇವೆಲ್ಲ ಸೂಕ್ಷ್ಮವೇ. 1,850 ಅಡಿ ತ್ರಿಜ್ಯದೊಳಗೆ ನಿಮ್ಮನ್ನು ಗುರುತಿಸಬಲ್ಲ ಲೊಕೇಶನ್ ಕೂಡ. ಇಷ್ಟೂ ಹೇಳಲು ಚೆನ್ನ. ದಿನನಿತ್ಯ ಉಪಯೋಗಕ್ಕೆ ಬರುವುದು ಮಾತ್ರ ಎರಡು: ಮಾರಾಟ ನಿಲ್ಲಿಸುವುದು ಮತ್ತು ಅಳಿಸುವುದು.

ಮಾರಾಟ ಎಂದಾಗ ದುಡ್ಡೇ ಕೈ ಬದಲಾಗಬೇಕೆಂದಿಲ್ಲ. ಬೆಲೆಯುಳ್ಳ ಏನನ್ನಾದರೂ ಪಡೆದು ಮಾಹಿತಿ ಕೊಟ್ಟರೆ ಅದೂ ಮಾರಾಟವೇ. ಸೌಂದರ್ಯ ಸಾಧನಗಳ ಸೆಫೋರಾ ಕಂಪನಿ 2022ರಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ಗ್ರಾಹಕರು ಏನು ನೋಡುತ್ತಾರೆ ಎಂಬುದನ್ನು ಹಿಂಬಾಲಿಸಲು ಹೊರಗಿನ ಕಂಪನಿಗಳ ಟ್ರ್ಯಾಕರ್‌ಗಳಿಗೆ ತನ್ನ ಸೈಟಿನಲ್ಲಿ ಜಾಗ ಕೊಟ್ಟು, ಪ್ರತಿಯಾಗಿ ಜಾಹೀರಾತು ಮತ್ತು ವಿಶ್ಲೇಷಣೆಯ ಸೇವೆ ಪಡೆದಿತ್ತು. ‘ನಾವು ಮಾರುವುದಿಲ್ಲ’ ಎಂದೂ ಬರೆದುಕೊಂಡಿತ್ತು. ಅಟಾರ್ನಿ ಜನರಲ್ ಒಪ್ಪಲಿಲ್ಲ. 12 ಲಕ್ಷ ಡಾಲರ್ ಕಟ್ಟಿ ರಾಜಿಯಾಗಬೇಕಾಯಿತು.

ಅದೇ ಪ್ರಕರಣದ ಇನ್ನೊಂದು ಆರೋಪ ನಮಗೆ ಹೆಚ್ಚು ಉಪಯುಕ್ತ. ‘ಗ್ಲೋಬಲ್ ಪ್ರೈವಸಿ ಕಂಟ್ರೋಲ್’ ಎಂಬ ಸಂಕೇತವನ್ನು ಸೆಫೋರಾ ಲೆಕ್ಕಿಸಿರಲಿಲ್ಲ. ಬ್ರೌಸರಿನಲ್ಲಿ ಇದನ್ನು ಒಮ್ಮೆ ಆನ್ ಮಾಡಿದರೆ ನೀವು ಹೋದ ಪ್ರತಿ ಸೈಟಿಗೂ ‘ಮಾರಬೇಡಿ’ ಎಂಬ ಸೂಚನೆ ತಾನಾಗಿ ಹೋಗುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು ಅದನ್ನು ಪಾಲಿಸಲೇಬೇಕು. ಫೈರ್‌ಫಾಕ್ಸ್, ಬ್ರೇವ್, ಡಕ್‌ಡಕ್‌ಗೋ ಬ್ರೌಸರ್‌ಗಳಲ್ಲಿ ಇದು ಒಳಗೇ ಇದೆ, ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. 2027ರ ಜನವರಿಯಿಂದ ಎಲ್ಲ ಬ್ರೌಸರ್‌ಗಳೂ ಈ ಸೌಲಭ್ಯ ಕೊಡಬೇಕೆಂದು ಇನ್ನೊಂದು ಕಾನೂನು ಬಂದಿದೆ. ನೂರು ಸೈಟುಗಳ ತಳದಲ್ಲಿ ಲಿಂಕ್ ಹುಡುಕುವುದಕ್ಕಿಂತ ಇದೇ ಲೇಸು.

ಮಾರಾಟ ನಿಲ್ಲಿಸಿ ಎನ್ನಲು ನೀವು ಯಾರೆಂದು ರುಜುವಾತು ಮಾಡಬೇಕಿಲ್ಲ ಎಂಬುದನ್ನು ನೆನಪಿಡಿ. ಇಷ್ಟಕ್ಕೇ ಹೆಸರು, ವಿಳಾಸ, ಫೋನ್ ಎಂದು ಬೇಕಿಲ್ಲದ್ದನ್ನೆಲ್ಲ ಕೇಳಿದ್ದಕ್ಕೆ ಅಮೆರಿಕದ ಹೋಂಡಾ ಕಂಪನಿ 2025ರಲ್ಲಿ 6,32,500 ಡಾಲರ್ ದಂಡ ತೆತ್ತಿತು. ತಿಳಿಯುವ, ತಿದ್ದಿಸುವ ಮತ್ತು ಅಳಿಸುವ ಕೋರಿಕೆಗೆ ಮಾತ್ರ ಗುರುತು ಪರಿಶೀಲಿಸಬಹುದು, ಅದು ಸರಿಯೂ ಹೌದು: ಇಲ್ಲದಿದ್ದರೆ ನಿಮ್ಮ ಹೆಸರು ಹೇಳಿಕೊಂಡು ಬೇರೊಬ್ಬರು ನಿಮ್ಮ ಕಡತ ತರಿಸಿಕೊಂಡಾರು. ಕೋರಿಕೆ ಮುಟ್ಟಿತೆಂದು 10 ಕೆಲಸದ ದಿನಗಳಲ್ಲಿ ತಿಳಿಸಬೇಕು, 45 ದಿನಗಳಲ್ಲಿ ಉತ್ತರಿಸಬೇಕು. ಕಾರಣ ತಿಳಿಸಿ ಇನ್ನೂ 45 ದಿನ ತೆಗೆದುಕೊಳ್ಳಬಹುದು. ಮಾರಾಟ ನಿಲ್ಲಿಸಲು ಗಡುವು 15 ಕೆಲಸದ ದಿನ. ಕಳುಹಿಸಿದ ದಿನಾಂಕ ಬರೆದಿಟ್ಟುಕೊಳ್ಳಿ, ಫಾರಂನ ಸ್ಕ್ರೀನ್‌ಶಾಟ್ ತೆಗೆದಿಡಿ. ಅಲ್ಲೇ ನೆಲೆಸಿದ ವಯಸ್ಸಾದ ತಂದೆತಾಯಿಯ ಪರವಾಗಿ, ಅವರ ಸಹಿಯಿರುವ ಒಪ್ಪಿಗೆ ಪತ್ರದೊಡನೆ ಮಕ್ಕಳು ಕೇಳಬಹುದು.

ಅಳಿಸುವ ಹಕ್ಕಿನಲ್ಲಿ ದೊಡ್ಡದೊಂದು ತೂತಿತ್ತು. ಕಂಪನಿ *ನಿಮ್ಮಿಂದ* ಪಡೆದದ್ದನ್ನು ಅಳಿಸಬೇಕು ಎಂದಷ್ಟೇ ಕಾನೂನು ಹೇಳಿತ್ತು. ಮಾಹಿತಿ ಕೊಂಡು ಮಾರುವ ಡೇಟಾ ಬ್ರೋಕರ್‌ಗಳು ನಿಮ್ಮಿಂದ ಏನನ್ನೂ ಪಡೆದಿರುವುದಿಲ್ಲ, ಬೇರೆಯವರಿಂದ ಕೊಂಡಿರುತ್ತಾರೆ. ಮಂಡಿಯ ದಲ್ಲಾಳಿಯನ್ನಾದರೂ ರೈತ ಮುಖತಃ ಬಲ್ಲ. ಈ ದಲ್ಲಾಳಿಗಳ ಹೆಸರೇ ನಮಗೆ ಗೊತ್ತಿಲ್ಲ, ಹುಡುಕಿ ಬರೆಯುವುದು ಎಲ್ಲಿಗೆ? ಆ ತೂತು ಮುಚ್ಚಲು 2023ರಲ್ಲಿ ‘ಡಿಲೀಟ್ ಆ್ಯಕ್ಟ್’ ಬಂತು. ಅದರಂತೆ ಖಾಸಗಿತನ ಏಜೆನ್ಸಿ ‘ಡ್ರಾಪ್’ ಎಂಬ ವ್ಯವಸ್ಥೆ ಕಟ್ಟಿ 2026ರ ಜನವರಿಯಲ್ಲಿ ಜನರಿಗೆ ತೆರೆಯಿತು. ರಾಜ್ಯದ ನಿವಾಸಿ ಎಂದು ಖಚಿತಪಡಿಸಿ, ಹೆಸರು, ಹುಟ್ಟಿದ ದಿನ, ಇಮೇಲ್, ಫೋನ್ ಕೊಟ್ಟರೆ ಒಂದೇ ಕೋರಿಕೆ ನೋಂದಾಯಿತ ಬ್ರೋಕರ್‌ಗಳಿಗೆಲ್ಲ ಹೋಗುತ್ತದೆ. 2026ರ ಆಗಸ್ಟ್ 1ರಿಂದ ಅವರು 45 ದಿನಕ್ಕೊಮ್ಮೆಯಾದರೂ ಪಟ್ಟಿ ನೋಡಿ ಅಳಿಸಬೇಕು. ಅಳಿಸದಿದ್ದರೆ ಒಂದು ಕೋರಿಕೆಗೆ ದಿನಕ್ಕೆ 200 ಡಾಲರ್ ದಂಡ. ನಿಮ್ಮ ಹಳೆಯ ಇಮೇಲ್, ಹಳೆಯ ನಂಬರ್‌ಗಳನ್ನೂ ಸೇರಿಸಿ. ಬ್ರೋಕರ್‌ನ ಕಡತ ಇರುವುದು ಬಹುಶಃ ಅವುಗಳ ಹೆಸರಿನಲ್ಲೇ. ನನ್ನ ಮಟ್ಟಿಗೆ ಇಡೀ ಕಾನೂನಿನಲ್ಲಿ ಸಾಮಾನ್ಯ ಮನುಷ್ಯನ ಸಮಯಕ್ಕೆ ಬೆಲೆ ಕೊಟ್ಟ ಭಾಗ ಇದೊಂದೇ.

ಎಲ್ಲವೂ ಅಳಿಯುತ್ತದೆ ಎಂದುಕೊಳ್ಳಬೇಡಿ. ಆಸ್ತಿ ನೋಂದಣಿ, ಮತದಾರರ ಪಟ್ಟಿಯಂಥ ಸಾರ್ವಜನಿಕ ದಾಖಲೆಗಳು ಉಳಿಯುತ್ತವೆ. ಬ್ಯಾಂಕ್ ಖಾತೆ, ಆಸ್ಪತ್ರೆಯ ಕಡತ, ಕ್ರೆಡಿಟ್ ವರದಿಗಳಿಗೆ ಕೇಂದ್ರದ ಬೇರೆ ಕಾನೂನುಗಳಿವೆ. ತೆರಿಗೆಗೆ ಬೇಕಾದ ಬಿಲ್ಲನ್ನು ಅಂಗಡಿ ಇಟ್ಟುಕೊಳ್ಳಬಹುದು. ಕಂಪನಿ ಕೋರಿಕೆಯನ್ನು ಕಡೆಗಣಿಸಿದರೆ ನೀವೇ ಕೋರ್ಟಿಗೆ ಹೋಗುವಂತಿಲ್ಲ. ಅಟಾರ್ನಿ ಜನರಲ್‌ಗೋ ಏಜೆನ್ಸಿಗೋ ದೂರು ಕೊಡಬಹುದು, ದಂಡ ವಸೂಲಾದರೂ ಅದು ನಿಮ್ಮ ಕೈಗೆ ಬರುವುದಿಲ್ಲ. ಕಂಪನಿ ಸಾಕಷ್ಟು ಭದ್ರತೆ ಇಡದೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯೋ ಪಾಸ್‌ವರ್ಡೋ ಕಳವಾದಾಗ ಮಾತ್ರ ಸ್ವಂತ ದಾವೆಗೆ ದಾರಿಯಿದೆ. ಪರಿಹಾರ ಮೂಲ ಕಾನೂನಿನಲ್ಲಿ ತಲೆಗೆ 100ರಿಂದ 750 ಡಾಲರ್ ಇತ್ತು, ಈಗ ತುಸು ಏರಿದೆ.

ವರ್ಜೀನಿಯಾ, ಕೊಲರಾಡೊ, ಟೆಕ್ಸಸ್ ಮುಂತಾದ ರಾಜ್ಯಗಳಲ್ಲೂ ಇಂಥ ಕಾನೂನುಗಳಿವೆ. ಡಾಲಸ್‌ನಲ್ಲಿರುವವರು ಅಳಿಸಲು, ಮಾರಾಟ ನಿಲ್ಲಿಸಲು ಕೇಳಬಹುದು, ಆದರೆ ಉದ್ಯೋಗದಾತನ ಕಡತವನ್ನು ಟೆಕ್ಸಸ್ ಕಾನೂನು ಮುಟ್ಟುವುದಿಲ್ಲ, ‘ಡ್ರಾಪ್’ ಅವರಿಗಿಲ್ಲ. ಕ್ಯಾಲಿಫೋರ್ನಿಯಾದಿಂದ ಅಲ್ಲಿಗೆ ಮನೆ ಬದಲಿಸುವ ಯೋಚನೆಯಿದ್ದರೆ ಆ ಕೋರಿಕೆಯನ್ನು ಹೊರಡುವ ಮುಂಚೆಯೇ ಹಾಕಿಬಿಡಿ.